ಬಸ್ಸು ನಿಂತರೆ ಯಾರು ನಿಲ್ಲುತ್ತಾರೆ?

ಗಡಿ ಜಗಳದ ಲೆಕ್ಕವನ್ನು ಗಂಡಸರು ಯಾವಾಗಲೂ ಹಳ್ಳಿಗಳಲ್ಲಿ ಹಾಕುತ್ತಾರೆ. 1967ರ ಮಹಾಜನ ವರದಿ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ, ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಅಲ್ಲಿಯ ವಿಧಾನಮಂಡಲ 865 ಹಳ್ಳಿ ನಮ್ಮವು ಎಂದು ಠರಾವು ಮಾಡಿತು. ಇಷ್ಟೆಲ್ಲ ಅಂಕಿಗಳಲ್ಲಿ, ತವರಿಗೆ ಹೋಗಲಾರದೆ ಬಸ್‌ಸ್ಟ್ಯಾಂಡಿನಲ್ಲಿ ಕೂತವಳ ಲೆಕ್ಕ ಎಲ್ಲಿದೆ?

ಚಡಚಣದಲ್ಲಿ ಸಂಬಂಧ ನೋಡುವಾಗ ಕುಲ, ಹೊಲ, ನೀರು, ನೌಕರಿ ಎಲ್ಲ ಕೇಳುತ್ತಿದ್ದರು, ರಾಜ್ಯ ಕೇಳುತ್ತಿರಲಿಲ್ಲ. ಜತ್ತಕ್ಕೆ ಹೆಣ್ಣು ಕೊಡುತ್ತೇವೆ, ಮಂಗಳವೇಢೆಯಿಂದ ತರುತ್ತೇವೆ. ದೊಡ್ಡ ಬೇನೆಗೆ ಸೊಲ್ಲಾಪುರದ ದವಾಖಾನೆ. ಮದುವೆಯ ಜವಳಿಗೆ ಮಾತ್ರ ಅವರೇ ನಮ್ಮ ಬಜಾರಕ್ಕೆ ಬರುತ್ತಾರೆ. ಈಗೀಗ ಹೊಸ ಮಾತು ಕೇಳಿಬರುತ್ತಿದೆ: "ಆಚೆ ಕಡೆ ಯಾಕ ಕೊಡ್ತೀರಿ ಅಕ್ಕಾರ, ನಾಳೆ ಬಸ್ಸ ನಿಂತರ?"

2022ರ ಡಿಸೆಂಬರಿನಲ್ಲಿ ಲಾರಿಗಳಿಗೆ ಕಲ್ಲು ಬಿದ್ದವು, ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಸೀಮೆಯಲ್ಲಿ ಭಾಷೆಯ ಮಾತಿಗೆ ಕಂಡಕ್ಟರರೊಬ್ಬರನ್ನು ಹೊಡೆದರು. ಮತ್ತೆ ಬಸ್ಸು ನಿಂತವು. ಭಾಷಣ ಮಾಡಿದವರ ಜೀಪು ನಿಲ್ಲುವುದಿಲ್ಲ. ನಿಲ್ಲುವವರು ದವಾಖಾನೆಗೆ ಹೊರಟ ಮುದುಕಿ, ಬಾಣಂತನಕ್ಕೆ ಬರುವ ಮಗಳು, ಧೂಳಖೇಡದ ಸೇತುವೆ ದಾಟಿ ಕಾಲೇಜಿಗೆ ಹೋಗುವ ಹುಡುಗಿ. "ಎರಡ ದಿನ ಬಿಡು, ತಣ್ಣಗಾಗಲಿ" ಎನ್ನುತ್ತಾರೆ ಮನೆಯಲ್ಲಿ. ಹುಡುಗನಿಗೆ ಎರಡು ದಿನವೆಂದರೆ ಎರಡೇ ದಿನ. ಹುಡುಗಿಗೆ ಅದು ಕಾಲೇಜು ಬಿಡಿಸುವ ಮಾತಿನ ಶುರುವಾತು. ಮೂವತ್ತು ವರ್ಷ ಕಲಿಸಿದ ನನಗೆ ಆ ಮಾತಿನ ಜಾಡು ಗೊತ್ತು.

ಎಲ್ಲವೂ ಭಾಷೆಗಾಗಿ ಎನ್ನುತ್ತಾರಲ್ಲ! ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಕಲಿತ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು, ಆ ಪೀಠವೇರಿದ ಮೊದಲ ಹೆಂಗಸು. ಯಾರ ಬಸ್ಸಿಗೆ ಮಸಿ ಬಳಿದು ಅವರು ಕನ್ನಡ ಉಳಿಸಿದರು? 2022ರಲ್ಲಿ ಜತ್ತದ ಹಳ್ಳಿಗಳು ಕರ್ನಾಟಕ ಸೇರುತ್ತೇವೆಂದು ಕೂಗಿದ್ದೂ ನೀರಿಗಾಗಿ.

ಕನ್ನಡ ಬಿಡಿ ಎನ್ನುತ್ತಿಲ್ಲ ನಾನು. ಜತ್ತದ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕು, ಬೆಳಗಾವಿಯ ಮರಾಠಿ ಮಕ್ಕಳಿಗೆ ಅವರ ಪುಸ್ತಕ ಬೇಕು. ಇದಕ್ಕಾಗಿ ಧರಣಿ ಕೂತರೆ ನಾನೂ ಚಾಪೆ ತರುತ್ತೇನೆ.

ಇಸ್ರೇಲ್, ಪ್ಯಾಲೆಸ್ಟೈನಿನಲ್ಲಿ ಮಕ್ಕಳನ್ನು ಮಣ್ಣು ಮಾಡಿದ ಎರಡೂ ಕಡೆಯ ತಾಯ್ತಂದೆಗಳು ಒಂದೇ ಸಂಘದಲ್ಲಿ ಕೂಡುತ್ತಾರೆ. ನಾವೋ ಒಂದೇ ಭೀಮೆಯ ನೀರು ಕುಡಿಯುವ ಬೀಗರು. ಎರಡೂ ದಂಡೆಯ ಮಹಿಳಾ ಮಂಡಳಗಳು ಕೂಡಿ ಇಬ್ಬರು ಮುಖ್ಯಮಂತ್ರಿಗಳಿಗೂ ಅರ್ಜಿ ಕೊಡೋಣ: ಜಗಳ ಏನೇ ಇರಲಿ, ದವಾಖಾನೆಗೆ, ಕಾಲೇಜಿಗೆ ಹೋಗುವ ಬಸ್ಸು ನಿಲ್ಲಬಾರದು. ಒಂದು ಪ್ರತಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ.