‘ಇಂಡಿ’ ಎಂದರೆ ಒಂಟಿ ಎಂದರ್ಥವಲ್ಲ

ಈಚೆಗೆ ಕಾಲೇಜೊಂದರಲ್ಲಿ ಯುವ ಸಂಗೀತಗಾರರಿಗಾಗಿ ಏರ್ಪಡಿಸಿದ್ದ ಮಾತುಕತೆಗೆ ಹೋಗಿದ್ದೆ. ಅತಿಥಿಗಳು ಉತ್ಸಾಹದಿಂದ ಮಾತಾಡಿದರು. ‘ನಿಮಗೆ ಕಂಪನಿ ಬೇಡ, ಸರ್ಕಾರ ಬೇಡ, ಕಾಲೇಜೂ ಬೇಡ. ಒಂದು ಲ್ಯಾಪ್‌ಟಾಪು, ಒಂದು ಫೋನು, ಛಲ ಇದ್ದರೆ ಸಾಕು. ಇಂಡಿ ಅಂದರೆ ಅದೇ’ ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ನಾನು ಪ್ರಶ್ನೆ ಕೇಳಲು ಕೈಯೆತ್ತಿದೆ. ಹಾಲ್‌ಗೆ ಬೀಗ ಹಾಕುವ ಹೊತ್ತಾಯಿತು ಎಂದು ಸಭೆ ಮುಗಿಸಿಬಿಟ್ಟರು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಆ ಮಾತು ಸುಳ್ಳು. ‘ಇಂಡಿ ಪಾಪ್’ ಎಂದೊಡನೆ ಎಲ್ಲರೂ ಹೆಸರಿಸುವ ಒಂದು ತಂಡದ ಕತೆಯೇ ಅದನ್ನು ಸುಳ್ಳೆಂದು ತೋರಿಸುತ್ತದೆ. ಅದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬೆಲ್ ಅಂಡ್ ಸೆಬಾಸ್ಟಿಯನ್.

ಈ ತಂಡದ ಮುಖ್ಯ ಗೀತಕಾರ, ಗಾಯಕ ಸ್ಟುವರ್ಟ್ ಮರ್ಡಾಕ್. ಹರೆಯದಲ್ಲೇ ವಿಪರೀತ ದಣಿವಿನ ಕಾಯಿಲೆಗೆ ಬಿದ್ದು, ಸುಮಾರು ಏಳು ವರ್ಷ ಕೆಲಸ ಮಾಡಲಾಗದೆ ಕಳೆದವನು. ಹಾಡು ಕಟ್ಟಲು ಕಲಿತದ್ದು ಆ ವರ್ಷಗಳಲ್ಲೇ. ಚೇತರಿಸಿಕೊಳ್ಳುತ್ತಿದ್ದಾಗ, ನಿರುದ್ಯೋಗಿ ಸಂಗೀತಗಾರರಿಗೆಂದು ಗ್ಲಾಸ್ಗೋದಲ್ಲಿ ಸರ್ಕಾರಿ ನೆರವಿನಿಂದ ನಡೆಯುತ್ತಿದ್ದ ಬೀಟ್‌ಬಾಕ್ಸ್ ಎಂಬ ತರಬೇತಿಗೆ ಸೇರಿದ. ಬಾಸ್ ಗಿಟಾರಿನ ಸ್ಟುವರ್ಟ್ ಡೇವಿಡ್ ಸಿಕ್ಕಿದ್ದು ಅಲ್ಲಿ. ಅದೇ ಊರಿನ ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯವಹಾರ ಕಲಿಸುವ ಒಂದು ಕೋರ್ಸಿತ್ತು. ಅದರ ವಿದ್ಯಾರ್ಥಿಗಳು ‘ಎಲೆಕ್ಟ್ರಿಕ್ ಹನಿ’ ಎಂಬ ತಮ್ಮದೇ ಲೇಬಲ್ಲಿನಿಂದ ವರ್ಷಕ್ಕೊಂದು ತಂಡದ ಹಾಡನ್ನು ಹೊರತರುತ್ತಿದ್ದರು. ಡ್ರಮ್ಸ್ ಬಾರಿಸಿದ ರಿಚರ್ಡ್ ಕಾಲ್‌ಬರ್ನ್ ಅದೇ ಕೋರ್ಸಿನ ವಿದ್ಯಾರ್ಥಿ. ಮರ್ಡಾಕ್ ಬಳಿ ಹಾಡುಗಳು ರಾಶಿ ಬಿದ್ದಿದ್ದರಿಂದ ಆ ವರ್ಷ ಒಂದು ಹಾಡಿನ ಬದಲು ಇಡೀ ಆಲ್ಬಮ್ಮನ್ನೇ ಮಾಡಿದರು. ಮೂರೇ ದಿನಗಳಲ್ಲಿ ಮುದ್ರಣವಾದ ‘ಟೈಗರ್‌ಮಿಲ್ಕ್’ 1996ರಲ್ಲಿ ಬಂತು. ಒಟ್ಟು ಒಂದು ಸಾವಿರ ಪ್ರತಿ, ಅದೂ ಗ್ರಾಮಫೋನ್ ತಟ್ಟೆಯಲ್ಲಿ ಮಾತ್ರ. ಆ ದಿನಗಳಲ್ಲಿ ಮರ್ಡಾಕ್ ಚರ್ಚೊಂದರ ಸಭಾಭವನ ನೋಡಿಕೊಳ್ಳುವ ಕೆಲಸ ಮಾಡುತ್ತ ಅಲ್ಲೇ ವಾಸವಿದ್ದ.

ಲೆಕ್ಕ ಹಾಕಿ. ನಿರುದ್ಯೋಗಿಗಳ ತರಬೇತಿ, ಸಾರ್ವಜನಿಕ ಕಾಲೇಜು, ಅಲ್ಲಿನ ಮೇಷ್ಟ್ರು, ಪಾಠದ ಭಾಗವಾಗಿ ದುಡಿದ ವಿದ್ಯಾರ್ಥಿಗಳು, ತಲೆಯ ಮೇಲೊಂದು ಚರ್ಚಿನ ಸೂರು. ಇವುಗಳಲ್ಲಿ ಒಂದನ್ನು ಕಿತ್ತರೂ ಆ ಆಲ್ಬಮ್ ಬರುವುದು ಕಷ್ಟವಿತ್ತು. ದೊಡ್ಡ ಕಂಪನಿಗಳಿಂದ ಈ ತಂಡ ಸ್ವತಂತ್ರವಾಗಿದ್ದದ್ದು ನಿಜ. ಆ ಸ್ವಾತಂತ್ರ್ಯ ಸಾಧ್ಯವಾದದ್ದು ಊರು ಹೆಗಲು ಕೊಟ್ಟಿದ್ದರಿಂದ.

ಇನ್ನು ಆ ನಾದ. ಸಿ. ಅಶ್ವಥ್ ಅವರ ಎದೆತುಂಬಿದ ಎತ್ತರದ ದನಿ ಕೇಳುತ್ತ ಬೆಳೆದ ನನಗೆ, ಮೊದಲ ಸಲ ಮರ್ಡಾಕ್‌ನ ದನಿ ಕೇಳಿದಾಗ ಈತ ಹಾಡುತ್ತಿದ್ದಾನೋ, ಪಕ್ಕದಲ್ಲಿ ಕೂತು ಕಾಗದ ಓದುತ್ತಿದ್ದಾನೋ ಎನಿಸಿತ್ತು. ಸಣ್ಣ ದನಿ, ಏರಿಳಿತವೂ ಕಡಿಮೆ. ಅದೇ ಎರಡನೆಯ ಆಲ್ಬಮ್, 1996ರ ಕೊನೆಗೆ ಬಂದ ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಅನ್ನು ನಾಲ್ಕಾರು ಸಲ ಕೇಳಿದ ಮೇಲೆ ಕಿವಿ ಬದಲಾಯಿತು. ಅಲ್ಲಿ ಮಾತಿಗೆ ಮೊದಲ ಸ್ಥಾನ. ಅಕೂಸ್ಟಿಕ್ ಗಿಟಾರು, ಪಿಯಾನೋ, ಇಸೊಬೆಲ್ ಕ್ಯಾಂಪ್‌ಬೆಲ್‌ಳ ಚೆಲ್ಲೋ, ಆಗೊಮ್ಮೆ ಈಗೊಮ್ಮೆ ಬರುವ ಟ್ರಂಪೆಟ್ಟು ಎಲ್ಲವೂ ಆ ಮಾತು ಕೇಳಿಸಲೆಂದು ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಹಾಡಿನೊಳಗಿನ ಜನವೂ ಅಂಥವರೇ. ಶಾಲೆಯಲ್ಲಿ ಹೊಂದಿಕೊಳ್ಳದವರು, ಬಸ್ಸಿನಲ್ಲಿ ಒಬ್ಬರೇ ಕೂತವರು, ದೇವರನ್ನು ಪೂರಾ ನಂಬಲೂ ಬಿಡಲೂ ಆಗದವರು. ಭಾವಗೀತೆಯ ಪರಿಚಯವಿರುವ ನಮಗೆ ಇದು ತೀರ ಪರಕೀಯವಾದ ಶಿಸ್ತೇನಲ್ಲ.

ಈ ಮೆಲುದನಿಯನ್ನು ಗೇಲಿ ಮಾಡಿದವರು ಬಹಳ. 2000ದಲ್ಲಿ ಬಂದ ‘ಹೈ ಫಿಡೆಲಿಟಿ’ ಸಿನಿಮಾದಲ್ಲಿ ರೆಕಾರ್ಡ್ ಅಂಗಡಿಯ ನೌಕರನೊಬ್ಬ ಇವರ ಹಾಡನ್ನು ಅಳುಮುಂಜಿಗಳ ಸಂಗೀತವೆಂದು ಹಂಗಿಸಿ ನಿಲ್ಲಿಸುತ್ತಾನೆ. ನಗು ಬರುವ ದೃಶ್ಯವೇ. ಅದರ ಹಿಂದಿನ ತರ್ಕ ಮಾತ್ರ ನನಗೆ ಒಪ್ಪಿಗೆಯಿಲ್ಲ. ದನಿ ಸಣ್ಣದಾದರೆ ಹೇಳುವ ವಿಷಯವೂ ಸಣ್ಣದೆನ್ನುವುದು ಕಿವಿಯ ಸೋಮಾರಿತನ. ಏಳು ವರ್ಷ ಹಾಸಿಗೆ ಹಿಡಿದವನು ಎದ್ದು ಬಂದು, ಇದ್ದಷ್ಟೇ ಉಸಿರಿನಲ್ಲಿ ಹೇಳಬೇಕಾದ್ದನ್ನು ಹೇಳುತ್ತಾನೆ. ಅದಕ್ಕೆ ಕಡಿಮೆ ಧೈರ್ಯ ಸಾಕೇ?

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಜೀಪ್‌ಸ್ಟರ್ ಎಂಬ ಸಣ್ಣ ಲೇಬಲ್ಲಿಗೆ ಸೇರಿದರು. ಸಂದರ್ಶನಗಳಿಂದ ದೂರ ಉಳಿದರು. ಆದರೂ ಕೇಳುಗರು ಬಾಯಿಂದ ಬಾಯಿಗೆ ದಾಟಿಸಿದರು. 1999ರಲ್ಲಿ ಸ್ಟೆಪ್ಸ್‌ನಂಥ ಜನಪ್ರಿಯ ಪಾಪ್ ತಂಡವನ್ನು ಹಿಂದಿಕ್ಕಿ ಬ್ರಿಟ್ ಪ್ರಶಸ್ತಿ ಗೆದ್ದಾಗ ಮತದಾನದ ಬಗ್ಗೆ ಗುಲ್ಲೇ ಎದ್ದಿತು. ಡೇವಿಡ್ ತಂಡ ಬಿಟ್ಟ, 2002ರಲ್ಲಿ ಕ್ಯಾಂಪ್‌ಬೆಲ್ ಕೂಡ ಹೊರಟಳು. ರಫ್ ಟ್ರೇಡ್ ಲೇಬಲ್ಲಿಗೆ ಬಂದು, 2003ರಲ್ಲಿ ಭರ್ಜರಿ ಪಾಪ್ ಹಾಡುಗಳಿಗೆ ಹೆಸರಾದ ಟ್ರೆವರ್ ಹಾರ್ನ್ ಕೈಯಲ್ಲಿ ‘ಡಿಯರ್ ಕೆಟಾಸ್ಟ್ರಫಿ ವೇಟ್ರೆಸ್’ ಮಾಡಿಸಿದಾಗ ಹಳೆಯ ಅಭಿಮಾನಿಗಳಲ್ಲಿ ಹಲವರು ಮುಖ ಸಿಂಡರಿಸಿದರು.

ಇವರ ಮೇಲೂ ನನ್ನ ತಕರಾರಿದೆ. ಇವರಿಗೆ ಬೇಕಿರುವುದು ಸದಾ ಬಡವರಾಗಿ, ಸದಾ ನಾಚುತ್ತ, ಮೂರು ದಿನದಲ್ಲಿ ಆಲ್ಬಮ್ ಮಾಡುವ ಹುಡುಗರು. ಇನ್ನೊಬ್ಬರ ಕೊರತೆಯನ್ನು ಚಂದವೆಂದು ಸವಿಯುವ ಚಟ ಇದು. ಮೊದಲ ಆಲ್ಬಮ್ಮುಗಳಷ್ಟು ನಂತರದವು ನನ್ನನ್ನು ಕಾಡಿಲ್ಲ, ಒಪ್ಪುತ್ತೇನೆ. ಕೆಲವು ಹಾಡುಗಳ ಮುದ್ದುತನ ನನಗೂ ಕಿರಿಕಿರಿಯೇ. ಆದರೆ ಒಳ್ಳೆಯ ಸ್ಟುಡಿಯೋ ಸಿಕ್ಕಿತೆಂಬುದೇ ಅಪರಾಧವಾಗಬಾರದು. ‘ಸಿನಿಸ್ಟರ್’ ಮುದ್ರಣವಾದ ರೀತಿ ಸ್ವತಃ ಮರ್ಡಾಕ್‌ನಿಗೇ ಸಮಾಧಾನ ತಂದಿರಲಿಲ್ಲ. 2005ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಅದನ್ನು ಪೂರ್ತಿ ಮತ್ತೆ ನುಡಿಸಿ ಬಿಡುಗಡೆ ಮಾಡಿದರು.

ಇದೆಲ್ಲ ನನಗೇಕೆ ಇಷ್ಟು ಮುಖ್ಯ? ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಗೆಳೆಯ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದ. ಮೆಲ್ಲಗೆ ಹಾಡುತ್ತಿದ್ದ. ಕಾಲೇಜು ಹಬ್ಬದ ಸ್ಪರ್ಧೆಯಲ್ಲಿ ತೀರ್ಪುಗಾರರು ‘ಗಂಟಲು ಬಿಟ್ಟು ಹಾಡಪ್ಪ, ಊಟ ಮಾಡಿಲ್ವಾ?’ ಎಂದರು. ಸಭಾಂಗಣ ನಕ್ಕಿತು. ಅಭ್ಯಾಸಕ್ಕೆ ಒಂದು ಕೋಣೆ ಕೊಡಿ ಎಂದು ಮೂರು ಅರ್ಜಿ ಬರೆದ. ಐದು ಗಂಟೆಗೆ ಬೀಗ ಬೀಳುತ್ತದೆ, ಆಗದು ಎಂದರು. ಮೂರನೆಯ ವರ್ಷಕ್ಕೆ ಗಿಟಾರು ಮಾರಿದ. ಈಗ ಬ್ಯಾಂಕಿನಲ್ಲಿದ್ದಾನೆ, ಸುಖವಾಗಿದ್ದಾನೆ. ಹಾಡಿನ ಸುದ್ದಿ ತೆಗೆದರೆ ಮಾತು ಬದಲಿಸುತ್ತಾನೆ. ಅವನಿಗೆ ಛಲವಿರಲಿಲ್ಲ ಎಂದು ಆ ಅತಿಥಿಗಳು ಹೇಳಬಹುದು. ಅವನಿಗಿಲ್ಲದ್ದು ಒಂದು ಕೋಣೆ.

ಈಗ ಎಲ್ಲವೂ ಫೋನಿನಲ್ಲೇ ಇದೆಯಲ್ಲ ಎನ್ನುತ್ತೀರಿ. ಹಾಡನ್ನು ಲೋಕಕ್ಕೆ ತಲುಪಿಸುವುದು ಸುಲಭವಾಗಿದೆ, ನಿಜ. ಆದರೆ ಬಾಸ್ ನುಡಿಸುವ ಗೆಳೆಯನನ್ನು ಫೋನು ಎದುರಿಗೆ ತಂದು ಕೂರಿಸುವುದಿಲ್ಲ, ಕೆಟ್ಟದಾಗಿ ನುಡಿಸಲು ಬೇಕಾದ ಆರು ತಿಂಗಳ ಬಿಡುವನ್ನೂ ಕೊಡುವುದಿಲ್ಲ. ಅಂಥ ತರಬೇತಿಗಳಿಗೆ ಬಂದವರೆಲ್ಲ ಹೆಸರು ಮಾಡಿದರೇ ಎಂದೂ ಕೇಳಬಹುದು. ಇಲ್ಲ. ಗ್ರಂಥಾಲಯಕ್ಕೆ ಹೋದವರೆಲ್ಲ ಕವಿಗಳಾಗುವುದಿಲ್ಲ. ಹಾಗೆಂದು ಗ್ರಂಥಾಲಯ ಮುಚ್ಚುತ್ತೇವೆಯೇ?

ಮುಂದಿನ ಸಲ ಯಾರಾದರೂ ವೇದಿಕೆಯೇರಿ ‘ನಿಮಗೆ ಯಾರೂ ಬೇಡ’ ಎಂದರೆ, ವಿದ್ಯಾರ್ಥಿಗಳೇ, ಚಪ್ಪಾಳೆ ತಟ್ಟಬೇಡಿ. ಸಂಜೆ ಐದರ ನಂತರ ಈ ಹಾಲ್‌ನ ಕೀಲಿಕೈ ಯಾರ ಬಳಿ ಇರುತ್ತದೆ ಎಂದು ಕೇಳಿ.