ಪಟ್ಟಣಕ್ಕೆ ನೀರು ಕೊಡುವ, ಲೆಕ್ಕ ಹಾಕಿ ಕೊಡುವ

2023ರ ಮೇ ತಿಂಗಳು. ಮಂಗಳೂರಿನ ಫ್ಲಾಟಿನಲ್ಲಿರುವ ಅಕ್ಕನ ಮಗ ಫೋನು ಮಾಡಿದ. "ಮಾವ, ನಮಗೆ ಈಗ ದಿನ ಬಿಟ್ಟು ದಿನ ನೀರು. ನಿಮಗೇನು, ಹೊಳೆ ಬದಿಯಲ್ಲೇ ಇದ್ದೀರಿ."

ನಾನು ಇರುವುದು ಹೊಳೆ ಬದಿಯಲ್ಲೇ. ಆದರೆ ಅದೇ ವಾರ ನಮ್ಮ ಹೊಳೆ ಪಂಪಿನ ಕರೆಂಟು ಕಡಿದು ಹೋಗಿದ್ದರು. ಮುಂಚಿತವಾಗಿ ಒಂದು ಚೀಟಿಯೂ ಇಲ್ಲ. ಕೇಳಿದರೆ, "ಮೇಲಿನಿಂದ ಆರ್ಡರು, ಕುಡಿಯುವ ನೀರಿಗೆ" ಎಂದರು. ಕುಡಿಯುವ ನೀರು ಎಂದ ಮೇಲೆ ನಾವು ಎಂತ ಹೇಳುವುದು? ಬಾಯಿ ಮುಚ್ಚಿ ಕೂತೆವು. ಹದಿನೈದು ದಿನದಲ್ಲಿ ತೋಟದಲ್ಲಿ ನಳ್ಳಿ ಉದುರಿ ಬುಡವೆಲ್ಲ ಹಸಿರು ಹಾಸಿದ ಹಾಗಾಯಿತು. ಅಡಿಕೆ ಮರಕ್ಕೆ ಮೇ ತಿಂಗಳಲ್ಲಿ ನೀರು ತಪ್ಪಿದರೆ ಪೆಟ್ಟು ಬೀಳುವುದು ಮುಂದಿನ ಕೊಯ್ಲಿಗೆ. ಇದು ಕೃಷಿಕರಿಗೆ ಹೇಳಿ ತಿಳಿಸಬೇಕಾದ ವಿಷಯವಲ್ಲ. ಪಟ್ಟಣದವರಿಗೆ ಹೇಳಬೇಕು.

ಮಂಗಳೂರಿಗೆ ನೀರು ಕೊಡಬಾರದು ಎಂದು ವಾದಿಸಲು ನಾನು ಬರೆಯುತ್ತಿಲ್ಲ. ನಮ್ಮ ಮಕ್ಕಳು ಓದುವುದು, ನಮ್ಮವರು ಆಸ್ಪತ್ರೆಗೆ ಹೋಗುವುದು ಅಲ್ಲಿಗೇ. ನನ್ನ ತಕರಾರು ಇಷ್ಟೇ: ನೀರು ಸಾಲದಾದಾಗಲೆಲ್ಲ ಪಟ್ಟಣದ ಕಣ್ಣು ಹೊಳೆಯ ಮೇಲ್ಬದಿಗೆ ಹೋಗುತ್ತದೆ, ತನ್ನ ಕಾಲಡಿಗೆ ಹೋಗುವುದಿಲ್ಲ.

ತುಂಬೆಯ ಕಥೆಯನ್ನೇ ನೋಡಿ. ಹಳೆಯ ಕಿಂಡಿ ಅಣೆಕಟ್ಟಿನಲ್ಲಿ 4 ಮೀಟರ್ ನೀರು ನಿಲ್ಲುತ್ತಿತ್ತು. ಸಾಲಲಿಲ್ಲ. ಅದರ ಹತ್ತಿರವೇ 7 ಮೀಟರ್ ಎತ್ತರದ ಹೊಸದನ್ನು ಕಟ್ಟಿದರು. ಮೊದಲು 5, ಮತ್ತೆ 6 ಮೀಟರಿಗೆ ನೀರು ನಿಲ್ಲಿಸಿದರು. ಬೇಸಗೆಯಲ್ಲಿ ಅದೂ ಇಳಿದರೆ ಶಂಭೂರಿನ ವಿದ್ಯುತ್ ಘಟಕದ ಅಣೆಕಟ್ಟಿನಿಂದ ಬಿಡಿಸಿಕೊಳ್ಳುತ್ತಾರೆ. ಇಷ್ಟಾಗಿಯೂ 2016, 2019, 2023 ಮೂರೂ ಬೇಸಗೆಯಲ್ಲಿ ಪಟ್ಟಣದಲ್ಲಿ ರೇಶನ್ ಆಯಿತು. ಎತ್ತರಿಸಿದಷ್ಟೂ ತಗ್ಗಿನ ತೋಟಗಳಿಗೆ ನೀರು ನುಗ್ಗುತ್ತದೆ. ಮುಳುಗಿದ ಜಾಗವನ್ನು ಸರ್ವೆ ಮಾಡಿ ಪರಿಹಾರ ಕೊಡಬಹುದು. ಅದರಾಚೆ ಒರತೆ ಎದ್ದು ಬೇರು ಕೊಳೆಯುವ ಜಾಗಕ್ಕೆ ಲೆಕ್ಕ ಯಾರು ಬರೆಯುತ್ತಾರೆ? ನಮ್ಮ ಕೆಳಗಿನ ಗದ್ದೆಯವರ ತೋಟ ನಕ್ಷೆಯಲ್ಲಿ ಮುಳುಗಿಲ್ಲ. ಮರಗಳು ಮಾತ್ರ ಹಳದಿಯಾಗಿವೆ.

ಈಗ ಸ್ವಲ್ಪ ಗಣಿತ. ಪಟ್ಟಣಕ್ಕೆ ತುಂಬೆಯಿಂದ ಹೋಗುವುದು ದಿನಕ್ಕೆ ಸುಮಾರು 16 ಕೋಟಿ ಲೀಟರ್. ಮಳೆ ಇಲ್ಲದ ಐದು ತಿಂಗಳಿಗೆ 2,400 ಕೋಟಿ ಲೀಟರ್ ಆಯಿತು. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಎಂದರೆ ಇಡೀ ಬೇಸಗೆಗೆ ಮಂಗಳೂರಿಗೆ ಬೇಕಾದದ್ದು ಒಂದು ಟಿಎಂಸಿಯೂ ಇಲ್ಲ! ಇದೇ ನೇತ್ರಾವತಿಯ ತಲೆಯಲ್ಲಿ, ಸಕಲೇಶಪುರದ ಕಡೆಯ ತೊರೆಗಳಿಂದ 24 ಟಿಎಂಸಿ ಎತ್ತುತ್ತೇವೆಂದು ಎತ್ತಿನಹೊಳೆ ಯೋಜನೆ ಮಾಡಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯೂ ಆಯಿತು. ಮಳೆಗಾಲದ ನೀರು ಮಾತ್ರ ಎನ್ನುತ್ತಾರೆ. ಇರಬಹುದು. ಆದರೆ ಮೇಲಿನಿಂದ ಎತ್ತುವಾಗ 'ನೀರು ದಂಡಿ ಉಂಟು' ಎನ್ನುವುದು, ಕೆಳಗೆ ನಮ್ಮ ಪಂಪು ನಿಲ್ಲಿಸುವಾಗ 'ನೀರೇ ಇಲ್ಲ' ಎನ್ನುವುದು, ಇದೆಂತ ನ್ಯಾಯ ಮಾರಾಯ್ರೆ?

2002ರ ರಾಷ್ಟ್ರೀಯ ಜಲನೀತಿಯಲ್ಲಿ ಮೊದಲ ಸ್ಥಾನ ಕುಡಿಯುವ ನೀರಿಗೆ, ಎರಡನೆಯದು ನೀರಾವರಿಗೆ. ಕೈಗಾರಿಕೆ ಅದರಿಂದ ಎಷ್ಟೋ ಕೆಳಗೆ. ಕೈಗಾರಿಕೆಗೆ ಬೇರೆ ದಾರಿ ಇಲ್ಲವೆಂದೂ ಅಲ್ಲ. 2019ರಲ್ಲಿ ನೀರಿಲ್ಲದೆ ಕೆಲವು ಘಟಕ ನಿಲ್ಲಿಸಬೇಕಾಗಿ ಬಂದಿದ್ದ ಎಂಆರ್‌ಪಿಎಲ್, ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿತು. (ತಣ್ಣೀರುಬಾವಿ ಎಂದು ಹೆಸರಿಟ್ಟ ಹಿರಿಯರು ಕಂಡಿದ್ದರೆ ಏನೆನ್ನುತ್ತಿದ್ದರೋ!) ಪಟ್ಟಣದ ಕೊಳಚೆ ನೀರನ್ನೂ ಶುದ್ಧ ಮಾಡಿ ಬಳಸುತ್ತದೆ. ದುಡ್ಡು ಬೀಳುತ್ತದೆ, ಆದರೆ ಆಗುತ್ತದೆ. ಇದನ್ನು ಎಲ್ಲ ದೊಡ್ಡ ಕಾರ್ಖಾನೆಗಳಿಗೂ ಕಡ್ಡಾಯ ಮಾಡಲಿ.

ಇನ್ನು ಇರುವ ನೀರನ್ನು ಕೆಡಿಸುವ ವಿಷಯ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರಕ್ಕೆ ಬಂತು. ತೋಟ, ಮನೆ, ಬಾವಿ ಎಲ್ಲ ಹೋಯಿತು. ಕಸದ ಕಪ್ಪು ರಸ ತೋಡಿನಲ್ಲಿ ಹರಿದು ಫಲ್ಗುಣಿಗೆ ಸೇರಿತು. ಅಲ್ಲೇ ಕೆಳಗೆ ಮರವೂರಿನ ಕಿಂಡಿ ಅಣೆಕಟ್ಟು, ಅದೂ ಕುಡಿಯುವ ನೀರಿನದ್ದೇ. ಒಂದು ಹೊಳೆಯನ್ನು ಹೀಗೆ ಮಾಡಿಕೊಂಡು, ಇನ್ನೊಂದು ಹೊಳೆಗೆ ಎತ್ತರದ ಅಣೆಕಟ್ಟು ಕಟ್ಟುತ್ತೇವೆಂದರೆ ಯಾರಿಗೆ ಸಮಾಧಾನವಾಗುತ್ತದೆ?

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ. ಒಂದು ಸಾವಿರ ಚದರಡಿ ಮಾಡಿನ ಮೇಲೆ ಬೀಳುವುದೇ ಮೂರು ಲಕ್ಷ ಲೀಟರಿಗಿಂತ ಹೆಚ್ಚು. ಹಿಂದೆ ಅಲ್ಲಿ ಮನೆಮನೆಗೆ ಬಾವಿ. ಈಗ ಬಾವಿಗೆ ಸ್ಲ್ಯಾಬು ಹೊಡೆದು ಮೇಲೆ ಕಾರು ನಿಲ್ಲಿಸುತ್ತಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ 'ಜಲಸಿರಿ' ಯೋಜನೆಯ ಗುರಿ ಇಪ್ಪತ್ತನಾಲ್ಕು ಗಂಟೆ ನೀರು. ಪೈಪು ಹೊಸದಾಗಿ ಸೋರಿಕೆ ನಿಂತರೆ ಸಂತೋಷ. ಪೈಪಿನಲ್ಲಿ ಹೋಗುವ ನೀರು ಮಾತ್ರ ಹೊಳೆಯದ್ದೇ ಅಲ್ಲವಾ?

ನಾವೇನು ಸಾಚಾಗಳು ಎಂದಲ್ಲ. ಸಿಪಿಸಿಆರ್‌ಐ ಲೆಕ್ಕದಲ್ಲಿ ಹನಿ ನೀರಾವರಿಯಾದರೆ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಮ್ಮಲ್ಲಿ ಎಷ್ಟು ಜನ ಅಷ್ಟಕ್ಕೆ ನಿಲ್ಲಿಸುತ್ತೇವೆ? ಸ್ಪ್ರಿಂಕ್ಲರ್ ಬಿಟ್ಟು ಪೇಟೆಗೆ ಹೋದವರು ಬರುವಾಗ ದಾರಿಯೂ ನೆನೆದಿರುತ್ತದೆ. ನಾನೂ ಮಾಡಿದ್ದೇನೆ. ಹಿಂದೆ ಮಳೆ ಬಿಟ್ಟ ಕೂಡಲೇ ಊರವರು ಸೇರಿ ತೋಡಿಗೆ ಕಟ್ಟ ಹಾಕುತ್ತಿದ್ದೆವು. ಪಂಪು ಬಂದ ಮೇಲೆ ಅದೂ ನಿಂತಿತು. ಗುಡ್ಡದ ಮದಕಗಳು ಹೂಳು ತುಂಬಿ ಆಟದ ಬಯಲಾಗಿವೆ. ಹೊಳೆಗೆ ಬೇಸಗೆಯಲ್ಲಿ ಬರುವುದು ಈ ತೋಡುಗಳ ನೀರೇ ತಾನೆ?

ಹಾಗಾಗಿ ನನ್ನ ಬೇಡಿಕೆ ಹೀಗೆ. ಪಟ್ಟಣದ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲು ಮೇಲ್ಬದಿಯ ಕಟ್ಟ, ಮದಕಗಳಿಗೆ ಬರಲಿ. ಹಲಗೆ ಯಾವಾಗ ಹಾಕುವುದು, ಎಷ್ಟು ಎತ್ತರಕ್ಕೆ ಎಂದು ತೀರ್ಮಾನಿಸುವ ಸಭೆಯಲ್ಲಿ ಹೊಳೆಬದಿ ಕೃಷಿಕರೂ ಕೂರಲಿ. ಪಂಪು ನಿಲ್ಲಿಸಲೇಬೇಕಾದರೆ ಹದಿನೈದು ದಿನ ಮೊದಲು ತಿಳಿಸಿ, ಪೂರ್ತಿ ಕಡಿಯದೆ ಸರದಿಯಲ್ಲಿ ಬಿಡಲಿ. ನಷ್ಟಕ್ಕೆ ಪರಿಹಾರ ಸೇರಿಯೇ ಇರಲಿ. ಕರೆಂಟು ಕಡಿಯುವ ಮೊದಲು ಪಟ್ಟಣದಲ್ಲಿ ಕಾರು ತೊಳೆಯುವುದನ್ನು, ಹುಲ್ಲುಹಾಸಿಗೆ ನೀರು ಬಿಡುವುದನ್ನು ನಿಲ್ಲಿಸಿದ್ದಾರಾ ಎಂದು ಯಾರಾದರೂ ನೋಡಿ ಬರಲಿ.

ಕಳೆದ ಡಿಸೆಂಬರಿನಲ್ಲಿ ನಾವು ಐದು ಮನೆಯವರು ಸೇರಿ ನಮ್ಮ ತೋಡಿಗೆ ಮತ್ತೆ ಕಟ್ಟ ಹಾಕಿದೆವು. ಮರಳು ತುಂಬಿದ ಗೋಣಿ, ಪ್ಲಾಸ್ಟಿಕ್ ಹಾಳೆ, ಎರಡು ದಿನದ ಕೆಲಸ. ಅಕ್ಕನ ಮಗನೂ ಬಂದು ಮಣ್ಣು ಹೊತ್ತ. ಹೊರಡುವಾಗ ಕೇಳಿದೆ, "ನಿಮ್ಮ ಫ್ಲಾಟಿನ ಅಂಗಳದಲ್ಲಿ ಬಾವಿ ಇತ್ತಲ್ಲ, ಎಂತ ಆಯಿತು?"

"ಉಂಟು ಮಾವ, ಪಾರ್ಕಿಂಗಿನ ಅಡಿಯಲ್ಲಿ. ಸೆಕ್ರೆಟರಿಯ ಹತ್ತಿರ ಕೇಳಿ ನೋಡ್ತೇನೆ" ಎಂದ.