ಬೋಟ್ ಟ್ರಿಪ್‌ಗೆ ಏನ್ ಹಾಕ್ಕೊಳ್ಳೋದು?

ಮುಂದಿನ ವಾರ ನಮ್ಮ ಕ್ಲಾಸಿನವರೆಲ್ಲ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗ್ತಿದ್ದೀವಿ. ಗ್ರೂಪಲ್ಲಿ ಮೂರು ದಿನದಿಂದ ಒಂದೇ ಚರ್ಚೆ: ಎಲ್ಲರೂ ಬಿಳಿ ಹಾಕೋದಾ, ನೀಲಿನಾ? ನಾನು ಹೇಳೋದು ಕೇಳಿ, ಆಮೇಲೆ ಬೈಕೊಳ್ಳಿ. ಬೋಟಲ್ಲಿ ನಿಮ್ಮ ಮುಖ್ಯ ಡ್ರೆಸ್ ಅಂದ್ರೆ ಲೈಫ್ ಜಾಕೆಟ್. ಉಳಿದದ್ದನ್ನ ಅದಕ್ಕೆ ತಕ್ಕ ಹಾಗೆ ಆರಿಸ್ಕೊಳ್ಳಿ.

ಹೋದ ವರ್ಷ ಹೊಸ ಕುರ್ತಾ ಫೋಟೋದಲ್ಲಿ ಕಾಣ್ಲಿ ಅಂತ ನಾನೂ ಜಾಕೆಟ್ ಬಿಚ್ಚಿದ್ದೆ. ಒಂದು ಅಲೆಗೆ ಬೋಟ್ ವಾಲ್ತು, ಹೋಗಿ ಕಂಬಿಗೆ ಬಡಿದೆ. ನಂಗೆ ಈಜು ಬರಲ್ಲ. ಆ ಫೋಟೋ ಇವತ್ತಿಗೂ ಪೋಸ್ಟ್ ಮಾಡಿಲ್ಲ.

ಜೀನ್ಸ್ ಬೇಡ, ನೆನೆದ್ರೆ ಭಾರ, ಬೇಗ ಒಣಗೋದೂ ಇಲ್ಲ. ಉದ್ದ ದುಪಟ್ಟಾ ಬೇಡ, ಬಕಲ್‌ಗೆ ಸಿಕ್ಕಿಕೊಳ್ಳತ್ತೆ. ತೆಳು ಬಟ್ಟೆ ಸಾಕು. ದ್ವೀಪದ ತುಂಬ ಕಪ್ಪು ಕಲ್ಲು, ಚಿಪ್ಪಿನ ಚೂರು. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿ. ಜಾಕೆಟ್‌ನ ಬಕಲ್ ಎಲ್ಲಾ ಬಿಗಿ ಮಾಡಿ. ಸಡಿಲ ಇದ್ರೆ ನೀರಲ್ಲಿ ಮೇಲೆದ್ದು ಮುಖಕ್ಕೇ ಬರತ್ತೆ.

ಫೋಟೋ ಬೇಕಾ? ಇಳಿದ ಮೇಲೆ ಆ ಕಂಬದಂಥ ಬಂಡೆಗಳ ಮುಂದೆ ನಿಂತು ಎಷ್ಟು ಬೇಕೋ ಅಷ್ಟು ತೆಗೀರಿ.

ಗ್ರೂಪಲ್ಲಿ ನನ್ನ ವೋಟು ಜಾಕೆಟ್‌ನ ಕಿತ್ತಳೆ ಬಣ್ಣಕ್ಕೆ. ನಿಮ್ದು?